ಬೆಳ್ಳಿ ವ್ಯಾಪಾರಿ ಕೇಳಿದ ರಿವಾಲ್ವರ್

“ಗುರುಗಳೇ, ಕೈಯಲ್ಲಿ ಎಷ್ಟು ಗಟ್ಟಿ ಆಯುಧವಿದ್ದರೆ ಮನುಷ್ಯ ಹೆದರದೆ ಇರಬಹುದು?”

ಕೇಳಿದವನು ಚೆನ್ನಮಲ್ಲ. ಊರಿನಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದ. ಬಿಡುವಾದಾಗ ಮಠಕ್ಕೆ ಬಂದು ನಿಜಗುಣಯ್ಯನವರ ಮುಂದೆ ಕೂರುವುದು ಅವನ ರೂಢಿ. ಹಿಂದೆ ಒಂದು ಹೊಡೆದಾಟದ ಮೊಕದ್ದಮೆಯಲ್ಲಿ ಅವನು ಕಂಡದ್ದನ್ನು ಕಂಡ ಹಾಗೆ ಸಾಕ್ಷಿ ಹೇಳಿದ್ದ. ಆ ಸಾಕ್ಷಿಯಿಂದ ಜೈಲಿಗೆ ಹೋದವನು ಈಗ ಬಿಡುಗಡೆಯಾಗಿ ಊರಿಗೆ ಬಂದಿದ್ದ. ಬಂದವನು ಏನೂ ಮಾಡಿರಲಿಲ್ಲ. ಸಂತೆಯಲ್ಲಿ ಎದುರಾದಾಗ ನಿಂತು ನೋಡಿದ್ದ, ಅಷ್ಟೇ. ಅಂದಿನಿಂದ ಚೆನ್ನಮಲ್ಲ ರಿವಾಲ್ವರಿನ ಲೈಸೆನ್ಸಿಗಾಗಿ ಕಚೇರಿ ಅಲೆಯುತ್ತಿದ್ದ. ಚಿಕ್ಕದಿರಬೇಕು, ಮೊಂಡು ಮೂತಿಯದಿರಬೇಕು, ಅಂಗಿಯ ಕೆಳಗೆ ಯಾರಿಗೂ ಕಾಣಬಾರದು ಎಂಬಲ್ಲಿಯವರೆಗೆ ಅವನ ಯೋಚನೆ ಬಂದು ನಿಂತಿತ್ತು. ಎಷ್ಟು ಅಳತೆಯ ಗುಂಡಿನದು ತೆಗೆದುಕೊಳ್ಳಬೇಕು ಎಂಬುದೊಂದು ಬಗೆಹರಿದಿರಲಿಲ್ಲ.

ಗುರುಗಳು ಬೇಡ ಎನ್ನಲಿಲ್ಲ. ತೆಗೆದುಕೋ ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಬೆಳ್ಳಿ ವ್ಯಾಪಾರಿಯಿದ್ದ. ಕಾಲುಂಗುರ, ಗೆಜ್ಜೆ, ಉಡಿದಾರಗಳನ್ನು ಚೀಲದಲ್ಲಿ ತುಂಬಿಕೊಂಡು ಮೋಟರ್‌ಸೈಕಲ್ಲಿನ ಮೇಲೆ ಊರೂರಿನ ಅಂಗಡಿಗಳಿಗೆ ಕೊಟ್ಟು ಬರುವುದು ಅವನ ಕೆಲಸ. ಅವನ ತಂದೆ ಇದೇ ಕೆಲಸವನ್ನು ಸೈಕಲ್ ತುಳಿದು ಮಾಡಿದ್ದ. ರಸ್ತೆಗೆ ಹೆದರಿದ ಮನೆತನವಲ್ಲ.

ಒಂದು ಮಧ್ಯಾಹ್ನ ಹಳ್ಳದ ಇಳಿಜಾರಿನಲ್ಲಿ ಅವನು ಗಾಡಿ ನಿಧಾನ ಮಾಡಿದಾಗ ಒಬ್ಬ ಮನುಷ್ಯ ಕೋಲು ಹಿಡಿದು ಅಡ್ಡ ನಿಂತ. ಚೀಲ ಕೊಡು ಎಂದ. ವ್ಯಾಪಾರಿ ಕೊಟ್ಟ. ಆ ಮನುಷ್ಯ ಚೀಲವನ್ನು ಹೆಗಲಿಗೇರಿಸಿಕೊಂಡು ಜೋಳದ ಹೊಲದೊಳಗೆ ಹೋಗಿಬಿಟ್ಟ. ಏಟು ಬೀಳಲಿಲ್ಲ. ಒಂದು ಕೆಟ್ಟ ಮಾತೂ ಬರಲಿಲ್ಲ. ಬೀಡಿ ಹಚ್ಚುವಷ್ಟು ಹೊತ್ತಿನಲ್ಲಿ ಎಲ್ಲಾ ಮುಗಿದಿತ್ತು. ಆದರೆ ವ್ಯಾಪಾರಿಗೆ ಗಾಡಿ ಚಾಲೂ ಮಾಡಲು ಆಗಲಿಲ್ಲ. ಕಿಕ್ಕರಿನ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಗಾಡಿಯನ್ನು ತಳ್ಳಿಕೊಂಡೇ ಮುಂದಿನ ಊರು ಸೇರಿದ.

ಮನೆಗೆ ಬಂದಾಗ ಹೆಂಡತಿ ನೀರು ಕೊಟ್ಟು, “ಎಷ್ಟು ಜನ ಇದ್ದರು?” ಎಂದು ಕೇಳಿದಳು.

“ಒಬ್ಬನೇ. ಆದರೆ ಆಳು ಗಟ್ಟಿಮುಟ್ಟಾಗಿದ್ದ,” ಎಂದ.

ಠಾಣೆಯಲ್ಲಿ ದೂರು ಕೊಡುವಾಗ, ಆರಡಿಗೆ ಕಡಿಮೆ ಇರಲಿಲ್ಲ ಎಂದ. ಮರುದಿನ ಗೆಳೆಯನ ಅಂಗಡಿಯ ಕಟ್ಟೆಯ ಮೇಲೆ ಕೂತು, ಎದುರಿಗೆ ಬಂದವನು ಒಬ್ಬ, ಜೋಳದೊಳಗೆ ಇನ್ನೂ ಯಾರಾದರೂ ಅಡಗಿದ್ದರೋ ಏನೋ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹೇಳುವಾಗ ಅವನ ಕಣ್ಣಿಗೆ ಹಾಗೆಯೇ ಕಾಣುತ್ತಿತ್ತು. ಸಣ್ಣ ಆಳಾಗಿದ್ದರೆ ತಾನು ಹಾಗೆ ಗಾಡಿಯಿಂದ ಇಳಿದು ಚೀಲ ಎತ್ತಿ ಕೊಡುತ್ತಿದ್ದೆನೇ ಎಂದು ಅವನೇ ತನ್ನನ್ನು ಕೇಳಿಕೊಳ್ಳುತ್ತಿದ್ದ.

ರಿವಾಲ್ವರ್ ಬೇಕೆಂದು ಅರ್ಜಿ ಹಾಕಿದ, ಲೈಸೆನ್ಸು ಸಿಕ್ಕಿತು. ವ್ಯಾಪಾರಿ ಪಟ್ಟಣದ ಬಂದೂಕಿನ ಅಂಗಡಿಗೆ ಹೋದ. ಅಂಗಡಿಯವನು ಮಾತುಗಾರ. ಗಾಜಿನ ಪೆಟ್ಟಿಗೆ ತೆಗೆದು, ಎಂಥದು ಬೇಕು ಎಂದು ಕೇಳಿದ.

ಎಂಥದು ಬೇಕು ಎಂಬುದು ವ್ಯಾಪಾರಿಗೆ ಬಾಯಿಪಾಠವಾಗಿತ್ತು. ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕದು. ನಳಿಗೆ ಬೆರಳಿಗಿಂತ ಉದ್ದವಿರಬಾರದು, ಕೂತರೆ ತೊಡೆಗೆ ಚುಚ್ಚುತ್ತದೆ. ಹಿಂದುಗಡೆ ಎದ್ದು ನಿಂತು ಗುಂಡಿಗೆ ಬಡಿಯುವ ಕೊಕ್ಕೆ, ಅದೇ ಕುದುರೆ, ಒಳಗೆ ಅಡಗಿರಬೇಕು, ಎಳೆಯುವ ಹೊತ್ತಿಗೆ ಅಂಗಿಗೆ ಸಿಕ್ಕಿಕೊಳ್ಳಬಾರದು. ಬೆವರಿಗೆ ತುಕ್ಕು ಹಿಡಿಯಬಾರದು. ಸೊಂಟದಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಹಗುರವಿರಬೇಕು. ಗುಂಡು ಮಾತ್ರ ದೊಡ್ಡದಿರಬೇಕು.

“ಒಂದೇ ಗುಂಡಿಗೆ ಆಳು ಬೀಳಬೇಕು. ಐದು ಸಾಲದು, ಆರು ಹಿಡಿಯಬೇಕು. ಮತ್ತೆ, ಅದು ಕೈಯನ್ನು ಒದೆಯಬಾರದು,” ಎಂದ.

ಅಂಗಡಿಯವನು ನಕ್ಕ. “ಸಾಹುಕಾರರೇ, ಹಗುರ ಬೇಕು ಅಂದರೆ ಒದೆಯುತ್ತದೆ. ಒದೆಯಬಾರದು ಅಂದರೆ ಭಾರ ಹೊರಬೇಕು. ಗುಂಡು ದಪ್ಪ ಆದರೆ ಅಷ್ಟು ಚಿಕ್ಕದರಲ್ಲಿ ಆರು ಹಿಡಿಯುವುದಿಲ್ಲ. ನೀವು ಹೇಳಿದ್ದೆಲ್ಲಾ ಒಂದರಲ್ಲೇ ಬಂದರೆ ಅದನ್ನು ಮಾರುವುದಿಲ್ಲ, ನಾನೇ ಇಟ್ಟುಕೊಳ್ಳುತ್ತೇನೆ.”

ಇಪ್ಪತ್ತೆರಡು ಅಳತೆಯ ಗುಂಡಿನದು ತೋರಿಸಿದ. ಅದು ಆಟದ ಸಾಮಾನಿನ ಹಾಗೆ ಕಂಡಿತು. ಮೂವತ್ತೆರಡರದು ತೋರಿಸಿದ. ಅದಕ್ಕಿಂತ ದೊಡ್ಡದು ಇಲ್ಲವೇ ಎಂದರೆ, ನಿಮ್ಮ ಲೈಸೆನ್ಸಿಗೆ ಇಷ್ಟೇ ಎಂದ. ವ್ಯಾಪಾರಿ ಮೂವತ್ತೆರಡರದನ್ನೇ ತೆಗೆದುಕೊಂಡ. ಹಗುರವಾದದ್ದು, ಮೊಂಡು ಮೂತಿಯದು.

ಮೊದಮೊದಲು ಒಳ್ಳೆಯದಾಯಿತು. ಸೊಂಟದ ಹತ್ತಿರ ತಣ್ಣಗೆ ತಾಗುತ್ತಿದ್ದರೆ ಯಾರೋ ಜೊತೆಗಿದ್ದ ಹಾಗಿರುತ್ತಿತ್ತು. ಆಮೇಲೆ ಒಂದು ದಿನ ಕಲ್ಲು ಗಣಿಯ ಹಿಂದೆ ಅದನ್ನು ಪರೀಕ್ಷೆ ಮಾಡಿದ. ಕಲ್ಲಿನ ಮೇಲೆ ಮಡಕೆ ಇಟ್ಟು ಹೊಡೆದ. ಮಣಿಕಟ್ಟು ಜುಂ ಎಂದಿತು. ಮಡಕೆ ಇದ್ದಲ್ಲೇ ಇತ್ತು. ನಾಲ್ಕು ಹೆಜ್ಜೆ ಮುಂದೆ ಹೋಗಿ ಹೊಡೆದ. ಆಗಲೂ ಇತ್ತು. ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ಮಡಕೆ ನಿಂತಲ್ಲೇ ನಿಂತಿರುತ್ತದೆ, ಆಳು ನಿಲ್ಲುತ್ತಾನೆಯೇ? ಅವನು ನುಗ್ಗಿ ಬಂದರೆ? ಗುಂಡು ತಗಲಿಯೂ ಬೀಳದೆ ಇದ್ದರೆ?

ಮತ್ತೆ ಅಂಗಡಿಗೆ ಹೋದ. ಅದನ್ನು ಕೊಟ್ಟು ಉದ್ದ ನಳಿಗೆಯದನ್ನು ತಂದ. ಅದು ಮಡಕೆಯನ್ನು ಒಡೆಯಿತು. ಆದರೆ ಅಂಗಿಯ ಕೆಳಗೆ ಉಬ್ಬಿ ಕಾಣುತ್ತಿತ್ತು. ಕಂಡರೆ ಕಳ್ಳ ಮೊದಲೇ ಎಚ್ಚರವಾಗುತ್ತಾನೆ, ದೂರದಿಂದಲೇ ಕಲ್ಲು ಬೀಸುತ್ತಾನೆ ಎಂಬ ಯೋಚನೆ ಹತ್ತಿತು. ಅದನ್ನೂ ಕೊಟ್ಟ. ಭಾರದ್ದೊಂದು ತಂದ. ಅದು ಒದೆಯುತ್ತಿರಲಿಲ್ಲ, ಆದರೆ ಪ್ಯಾಂಟನ್ನು ಕೆಳಗೆ ಎಳೆಯುತ್ತಿತ್ತು, ಹೊರಗೆ ತೆಗೆಯಲು ತಡವಾಗುತ್ತಿತ್ತು. ಅದರ ಟ್ರಿಗರ್ ಬಿಗಿ. ಬೆರಳಿಗೆ ಹಗುರವಾಗಲಿ ಎಂದು ಸಡಿಲ ಮಾಡಿಸಿದ. ಸಡಿಲವಾದ ಮೇಲೆ, ಬಗ್ಗಿದಾಗ ತಾನಾಗಿ ಹಾರಿ ತೊಡೆಗೆ ಹೊಕ್ಕರೆ ಏನು ಗತಿ ಎಂದು ಬಗ್ಗುವುದನ್ನೇ ಬಿಟ್ಟ. ಚಪ್ಪಲಿಯನ್ನು ನಿಂತೇ ಹಾಕಿಕೊಳ್ಳುತ್ತಿದ್ದ.

ಅವನಿಗೊಬ್ಬಳು ಮಗಳಿದ್ದಳು. ಅವಳನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ. ಅಪ್ಪನ ಸೊಂಟ ತಬ್ಬಿ ಕೂರುವುದು ಅವಳ ಅಭ್ಯಾಸ. ಈಗ ಅಪ್ಪ, “ಅಲ್ಲಿ ಕೈ ಹಾಕಬೇಡ,” ಎಂದು ಗದರಿದ. ಅವಳು ಹಿಂದಿನ ಕ್ಯಾರಿಯರ್ ಹಿಡಿದು ಕೂರಲು ಕಲಿತಳು.

ಇನ್ನೊಂದು ಚಾಳಿ ಅವನಿಗೆ ಹೇಗೆ ಹತ್ತಿತೋ ಅವನಿಗೇ ತಿಳಿಯಲಿಲ್ಲ. ಮನುಷ್ಯರನ್ನು ಕಂಡರೆ ಅವರ ಎದೆಯ ಅಗಲ ನೋಡುತ್ತಿದ್ದ. ಮೂಟೆ ಹೊರುವ ಹಮಾಲಿ ಎದುರಿಗೆ ಬಂದರೆ, ಇಂಥವನಿಗೆ ಮೂವತ್ತೆರಡರದು ಸಾಲುವುದಿಲ್ಲ ಎಂದುಕೊಳ್ಳುತ್ತಿದ್ದ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಅನ್ನ ಬಡಿಸಲು ಬಂದವನ ಭುಜ ನೋಡುತ್ತಿದ್ದ. ಹೆಂಡತಿಯ ತಮ್ಮ ಬಹಳ ದಿನದ ಮೇಲೆ ಬಂದು, “ಏನು ಭಾವ!” ಎಂದು ಅಪ್ಪಿಕೊಂಡ. ಅವನ ಕೈಗೆ ಸೊಂಟದ ಕಬ್ಬಿಣ ತಗಲಿತು. ಸುಮ್ಮನೆ ಹಿಂದೆ ಸರಿದ. ವ್ಯಾಪಾರಿಗೆ ಅದು ಕಾಣಲಿಲ್ಲ. ಅಷ್ಟು ದಪ್ಪ ಆಳು ಹೀಗೆ ಮೈಮೇಲೆ ಬಿದ್ದರೆ ತೆಗೆಯಲು ಜಾಗವೇ ಇರುವುದಿಲ್ಲವಲ್ಲ ಎಂದು ಅವನು ಆಗ ಯೋಚಿಸುತ್ತಿದ್ದ.

ಹೀಗಿರುವಾಗ ಠಾಣೆಯಿಂದ ಕರೆ ಬಂತು. ಕಳ್ಳ ಸಿಕ್ಕಿದ್ದಾನೆ, ಬಂದು ಗುರುತು ಹೇಳಿ ಎಂದರು.

ವ್ಯಾಪಾರಿ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೊರಟ. ಠಾಣೆಯ ಮೆಟ್ಟಿಲ ಹತ್ತಿರ ಸೊಂಟದ ವಸ್ತುವನ್ನು ಬಾಗಿಲ ಪೊಲೀಸಿನವನ ಕೈಗೆ ಒಪ್ಪಿಸಬೇಕಾಯಿತು. ಒಪ್ಪಿಸಿದ ಮೇಲೆ ಅವನಿಗೆ ಮೈಮೇಲೆ ಬಟ್ಟೆ ಇಲ್ಲದ ಹಾಗಾಯಿತು. ಒಳಗೆ ಹೆಂಡತಿಯ ಹಿಂದೆ ನಡೆದ.

ಗೋಡೆಗೆ ಒರಗಿ ಒಬ್ಬ ಕುಕ್ಕರಗಾಲಿನಲ್ಲಿ ಕೂತಿದ್ದ. ಮೈಯಲ್ಲಿ ಮಾಂಸವಿರಲಿಲ್ಲ. ಕೆಮ್ಮಿದರೆ ಕತ್ತಿನ ನರಗಳು ಎದ್ದು ನಿಲ್ಲುತ್ತಿದ್ದವು. ಫೌಜದಾರರು ಮೇಜಿನ ಮೇಲೆ ಒಂದು ಚೀಲ ಇಟ್ಟರು.

ಹೆಂಡತಿ ಚೀಲವನ್ನು ತಿರುಗಿಸಿ ನೋಡಿದಳು. “ಇದು ನಮ್ಮದೇ. ಈ ಪಟ್ಟಿ ಕಿತ್ತುಹೋಗಿತ್ತು, ನಾನೇ ಹೊಲಿದದ್ದು,” ಎಂದಳು.

“ಆಯಿತು. ಸಾಹುಕಾರರೇ, ಇವನೇನಾ?” ಎಂದು ಫೌಜದಾರರು ಕೇಳಿದರು.

ವ್ಯಾಪಾರಿ ನೋಡಿದ. ಮುಖ ನೋಡಿದ, ಕೈ ನೋಡಿದ. ಎದೆಯನ್ನೂ ನೋಡಿದ.

“ಚೀಲ ನಮ್ಮದು. ಇವನಲ್ಲ.”

ಗೋಡೆಯ ಹತ್ತಿರದವನು ತಲೆ ಎತ್ತಿದ. “ನಾನೇ ಸಾಹುಕಾರರೇ. ಹಳ್ಳದ ಇಳಿಜಾರಿನಲ್ಲಿ. ನೀವು ಗಾಡಿಯಿಂದ ಇಳಿದು ಹೊಡೀಬೇಡ, ಹೊಡೀಬೇಡ ಅಂದಿರಿ. ನಾನು ಕೋಲು ಎತ್ತಿರಲೇ ಇಲ್ಲ. ಅದನ್ನು ಊರಿಕೊಂಡು ನಿಂತಿದ್ದೆ. ಆಗ ನನಗೆ ಜ್ವರ ಇತ್ತು.”

ಹೆಂಡತಿ ತನ್ನ ಕಡೆ ನೋಡುತ್ತಿದ್ದಾಳೆ ಎಂದು ವ್ಯಾಪಾರಿಗೆ ಗೊತ್ತಾಯಿತು.

“ಸುಳ್ಳು. ಇವನು ಯಾರಿಗೋ ಬದಲಾಗಿ ಒಪ್ಪಿಕೊಳ್ಳುತ್ತಿದ್ದಾನೆ. ಅವನು ಇವನಿಗಿಂತ ಎರಡು ಪಟ್ಟು ಇದ್ದ.”

“ನೋಡಿ ಹೇಳಿ. ಕದ್ದವನು ತಾನೇ ಅನ್ನುತ್ತಿದ್ದಾನೆ,” ಎಂದರು ಫೌಜದಾರರು.

“ಏನ್ರೀ,” ಎಂದು ಹೆಂಡತಿ ಮೆಲ್ಲಗೆ ಅವನ ತೋಳು ಮುಟ್ಟಿದಳು. “ಕಳ್ಳ ಸಿಕ್ಕಿದನಲ್ಲ. ಇಷ್ಟೇ ಆಗಿತ್ತು ಅನ್ನಿ. ಮನೆಗೆ ಹೋಗೋಣ. ನಿಮ್ಮನ್ನು ನೋಡಿ ಯಾರು ನಗುತ್ತಾರೆ?”

ಆ ಗಳಿಗೆಯಲ್ಲಿ ಹೂಂ ಎಂದಿದ್ದರೆ ಆಗುತ್ತಿತ್ತು. ಹೂಂ ಎನ್ನಲು ಅವನಿಗೆ ಮನಸ್ಸಿರಲಿಲ್ಲ ಎಂದಲ್ಲ. ಅವನು ಇನ್ನೊಮ್ಮೆ ನೋಡಿದ. ನಿಜವಾಗಿಯೂ ಗುರುತು ಸಿಗಲಿಲ್ಲ. ಅವನ ಕಣ್ಣೊಳಗೆ ನಿಂತಿದ್ದವನು ಬಾಗಿಲಿನಷ್ಟು ಅಗಲವಿದ್ದ, ಜೋಳದ ತೆನೆಗಿಂತ ಎತ್ತರವಿದ್ದ. ಅವನನ್ನು ಈ ಗೋಡೆಯ ಬುಡದಲ್ಲಿ ಎಲ್ಲಿ ಕೂರಿಸುವುದು?

ಇವನಲ್ಲ ಎಂದೇ ಹೇಳಿಕೆ ಕೊಟ್ಟು ಬಂದ. ಹೊರಗೆ ಬಂದು ರಿವಾಲ್ವರನ್ನು ಕೇಳಿ ಪಡೆದು ಸೊಂಟಕ್ಕೆ ಸಿಕ್ಕಿಸಿಕೊಂಡ. ಗಾಡಿ ಹತ್ತುವಾಗ ಹೆಂಡತಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಕ್ಯಾರಿಯರ್ ಹಿಡಿದಳು. ಬಿಸಿಲು ಇನ್ನೂ ಇತ್ತು. ಆದರೂ ವ್ಯಾಪಾರಿ ಹಳ್ಳದ ದಾರಿ ಬಿಟ್ಟು ಸುತ್ತುದಾರಿಯಲ್ಲಿ ಮನೆಗೆ ಬಂದ.

ಆ ವಾರವೇ ಅವನು ಬಂದೂಕಿನ ಅಂಗಡಿಯಲ್ಲಿ ನಿಂತಿದ್ದ.

“ಕಳ್ಳ ಸಿಕ್ಕಿದನಂತಲ್ಲ ಸಾಹುಕಾರರೇ, ಇನ್ನು ಇದೆಲ್ಲಾ ಯಾಕೆ?” ಎಂದು ಅಂಗಡಿಯವನು ಕೇಳಿದ.

“ಸಿಕ್ಕಿದವನು ಬೇರೆ. ಅವನು ಇನ್ನೂ ಹೊರಗಿದ್ದಾನೆ,” ಎಂದ ವ್ಯಾಪಾರಿ. ಸೊಂಟದ್ದನ್ನು ತೆಗೆದು ಗಾಜಿನ ಮೇಲೆ ಇಟ್ಟ. “ಇದಕ್ಕಿಂತ ದೊಡ್ಡದು ಯಾವುದಿದೆ, ತೋರಿಸು.”

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಚೆನ್ನಮಲ್ಲನಿಗೆ ತಡೆಯಲಾಗಲಿಲ್ಲ. ಜೋರಾಗಿ ನಕ್ಕುಬಿಟ್ಟ. “ಎಂಥ ಮನುಷ್ಯ ಗುರುಗಳೇ! ಕದ್ದವನು ಕಣ್ಣೆದುರಿಗೆ ಕೂತು ನಾನೇ ಎನ್ನುತ್ತಿದ್ದಾನೆ, ಇವನಿಗೆ ಗುರುತು ಸಿಗಲಿಲ್ಲವೇ?”

ನಿಜಗುಣಯ್ಯನವರು ನಗಲಿಲ್ಲ. ಶಿಷ್ಯನ ನಗು ತಾನಾಗಿ ಇಳಿಯುವವರೆಗೆ ಕಾದು, ಮೆಲ್ಲಗೆ ಕೇಳಿದರು:

“ಸಂತೆಯಲ್ಲಿ ನಿಂತು ನೋಡಿದ ನಿನ್ನವನು ಈಗ ಎಷ್ಟು ಎತ್ತರ ಬೆಳೆದಿದ್ದಾನೆ, ಚೆನ್ನಮಲ್ಲ?”