ಹುಲಿಗೆವ್ವನ ಮೊದಲ ಕ್ಯಾಸೆಟ್ಟು

ಹೊಳೆದಂಡೆಯ ಮಠದಲ್ಲಿ ಒಬ್ಬ ಅಜ್ಜ ಇದ್ದರು. ನಿರುಪಾದಿ ಅವರ ಶಿಷ್ಯ.

ಅಜ್ಜನ ಪ್ರವಚನವನ್ನು ಟೇಪಿಗೆ ಇಳಿಸುವುದು ನಿರುಪಾದಿಯ ಕೆಲಸ. ಕೆಮ್ಮು, ತಡವರಿಕೆ, ಅಜ್ಜ ಸುಮ್ಮನಾದ ಹೊತ್ತು ಎಲ್ಲ ತೆಗೆದು ಇನ್ನೊಂದು ಕ್ಯಾಸೆಟ್ಟಿಗೆ ಹಾಕುತ್ತಿದ್ದ. ಮೊದಲ ಕ್ಯಾಸೆಟ್ಟಿನ ಮೇಲೆ ಮುಂದಿನ ಪ್ರವಚನ ತುಂಬುತ್ತಿದ್ದ. ಮಠದಲ್ಲಿ ಅದೇ ರೂಢಿ.

ಹುಲಿಗೆವ್ವ ಹಳೆಯ ಬಟ್ಟೆ ಸೇರಿಸಿ ಕೌದಿ ಹೊಲಿಯುವವಳು. ಹಾಡು ತಾನೇ ಕಟ್ಟುವಳು, ತಾನೇ ಹಾಡುವಳು. ಎಲ್ಲವೂ ದುಃಖದ ಹಾಡು. ಅಜ್ಜ ಅವಳನ್ನು ಕರೆಸಿದರು. ಅವಳ ಹಾಡು ಮೊದಲ ಸಲ ಟೇಪಿಗೆ ಇಳಿಯಿತು.

ಕೇಳುತ್ತ ನಿರುಪಾದಿಯ ಕಣ್ಣು ತುಂಬಿತು. ಇದನ್ನು ಊರೂರು ಕೇಳಬೇಕು ಅನಿಸಿತು.

ಆದರೆ ಅವಳು ಒಂದು ಸಾಲು ಹಾಡಿ ಸುಮ್ಮನಾಗುತ್ತಿದ್ದಳು. ಬಹಳ ಹೊತ್ತು ಸುಮ್ಮನೆ. ಆಮೇಲೆ ಮುಂದಿನ ಸಾಲು. ಜನ ಬೇಸರಪಡುತ್ತಾರೆ ಅಂದುಕೊಂಡ. ಅವಳು ಸುಮ್ಮನಿದ್ದ ಹೊತ್ತೆಲ್ಲ ತೆಗೆದುಹಾಕಿದ.

ಅವಳನ್ನು ಕರೆದು ಕೇಳಿಸಿದ.

"ಹೆಂಗೈತಿ ಯವ್ವಾ?"

"ಯಾರದಿದು?"

"ನಿಂದ!"

"ನಂದಲ್ಲ ಬಿಡು."

ಸೆರಗು ಹೊದ್ದು ಎದ್ದುಹೋದಳು. ಕ್ಯಾಸೆಟ್ಟು ಅಲ್ಲೇ ಬಿಟ್ಟಳು.

ನಿರುಪಾದಿಗೆ ಸಿಟ್ಟು ಬಂತು. "ಅಜ್ಜಾರ, ಎಷ್ಟು ಪ್ರೀತಿಲೆ ಮಾಡೀನಿ. ಚಲೋ ಆಗೇತಿ ಅಂತ ಒಂದು ಮಾತು ಅನ್ನಲಿಲ್ಲ ಆಕಿ."

ಅಜ್ಜ ಕ್ಯಾಸೆಟ್ಟು ಪೂರ್ತಿ ಕೇಳಿದರು.

ಸಂಜೆ ಭಜನೆ. ಒಬ್ಬರು ಒಂದು ಸಾಲು ಹಾಡಿ ನಿಲ್ಲಬೇಕು, ಎದುರಿಗೆ ಕೂತವರು ಅದನ್ನು ಎತ್ತಿಕೊಳ್ಳಬೇಕು. ಅಜ್ಜ ಹಾಡಿದರು. ನಿರುಪಾದಿ ಎತ್ತಿಕೊಳ್ಳಲು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜ ಮುಂದಿನ ಸಾಲಿಗೆ ಹೋಗಿದ್ದರು.

ಮತ್ತೆ ತೆರೆದ. ಮತ್ತೆ ಹಾಗೇ.

"ಏನೋ ನಿರುಪಾದಿ, ಮೀನಿನಂಗ ಬಾಯಿ ಬಿಡಾಕತ್ತಿ!" ಅಂದರು ಯಾರೋ. ಎಲ್ಲರೂ ನಕ್ಕರು.

ನಿರುಪಾದಿ ತಾಳ ಕೆಳಗಿಟ್ಟ. "ಅಜ್ಜಾರ, ನೀವು ನನಗ ಜಾಗಾನ ಬಿಡವಲ್ರಿ."

"ಎಲ್ಲಿ?"

"ನಿಮ್ಮ ಸಾಲು ಮುಗಿದ ಮ್ಯಾಲೆ. ಅದು ನನ್ನ ಜಾಗ."

"ಅಲ್ಲಿ ಏನೂ ಇರಲಿಲ್ಲಲ್ಲೋ. ತೆಗೆದುಬಿಟ್ಟೆ."

ನಿರುಪಾದಿಯ ಕಿವಿ ಬಿಸಿಯಾದವು. ಜನ ಇನ್ನೂ ನಗುತ್ತಿದ್ದರು.

ಎಲ್ಲರೂ ಹೋದ ಮೇಲೆ ಕೇಳಿದ. "ಹುಲಿಗೆವ್ವನ ಎದುರಿಗೆ ಯಾರು ಕೂಡತಿದ್ರು?"

"ಆಕಿ ಗಂಡ, ದುರುಗಪ್ಪ. ನೀ ಬರೂಕಿಂತ ಮೊದಲ ತೀರಿಕೊಂಡ."

ನಿರುಪಾದಿ ತಲೆ ಎತ್ತಲಿಲ್ಲ. ಅವಳು ಮೊದಲು ಹಾಡಿದ್ದರ ಮೇಲೆ ಆಗಲೇ ಪ್ರವಚನ ತುಂಬಿಯಾಗಿತ್ತು. ಆ ಹಾಡು ಈಗ ಎಲ್ಲೂ ಇರಲಿಲ್ಲ.

ಬೆಳಗ್ಗೆ ಟೇಪ್ ರೆಕಾರ್ಡರ್ ಹೊತ್ತು ಅವಳ ಮನೆಗೆ ಹೋದ. ಬಾಗಿಲಲ್ಲೇ ನಿಂತ. ಒಳಗೆ ಕಾಲಿಡಲು ಮುಖ ಇರಲಿಲ್ಲ.

ಅವಳು ಕೌದಿ ಹೊಲಿಯುತ್ತಿದ್ದಳು. ಮಡಿಲಲ್ಲಿ ಗಂಡಸರ ಹಳೆಯ ಧೋತರ.

"ಕತ್ತರಿ ತಂದಿಯೇನು?"

"ಇಲ್ಲ ಯವ್ವಾ. ತಪ್ಪಾತು. ನಾ ಅವರ ಜಾಗ ತೆಗೆದೆ. ಮೊದಲು ಹಾಡಿದ್ದೂ ಅಳಿಸಿಬಿಟ್ಟೀನಿ."

ಸೂಜಿ ನಿಂತಿತು. ಅವನು ಕಾದ.

"ಅದು ಮತ್ತ ಹಂಗ ಬರೂದಿಲ್ಲ."

"ಗೊತ್ತೈತಿ."

"ಒಳಗ ಬಾ. ಕುಂಡ್ರು. ಗುಂಡಿ ಒತ್ತಿ ಕೈ ತೆಗಿ."

ಒತ್ತಿದ. ಕೈ ತೆಗೆದ.

"ದೀಪಕ ಎಣ್ಣಿ ಹಾಕೀನಿ, ಬಾಗಿಲ ಹಾಕಿಲ್ಲ," ಅಂತ ಹಾಡಿದಳು. ನಿಂತಳು.

ಟೇಪು ಸುತ್ತುತ್ತಿತ್ತು. ಹೊರಗೆ ಕೋಳಿ ಕೆದಕುತ್ತಿತ್ತು. ನಿರುಪಾದಿಯ ಬೆರಳು ತಾನಾಗಿ ಗುಂಡಿಯ ಕಡೆ ಹೋಯಿತು. ನಾಚಿ, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಅವಳು ಎದುರಿನ ಗೋಡೆ ನೋಡುತ್ತಿದ್ದಳು. ಆಮೇಲೆ ತಲೆಯಾಡಿಸಿ ಮುಂದಿನ ಸಾಲು ಹಾಡಿದಳು.

ಹಾಡು ಮುಗಿದಾಗ ಕ್ಯಾಸೆಟ್ಟು ತೆಗೆದು ಅವಳ ಮುಂದೆ ಇಟ್ಟ.

"ಅಜ್ಜಾರಿಗೆ ಕೇಳಿಸು. ಆಮ್ಯಾಲೆ ತಂದು ಕೊಡು. ಇದು ನಂದು," ಅಂದಳು.

ಮಠದಲ್ಲಿ ಅಜ್ಜ ಕಣ್ಣು ಮುಚ್ಚಿ ಕೇಳಿದರು. ಕೊನೆತನಕ ಕೇಳಿದರು.

ನಿರುಪಾದಿ ನೆಲ ನೋಡುತ್ತ ಹೇಳಿದ. "ಒಂದು ಉಸಿರೂ ತೆಗೆದಿಲ್ಲ ಅಜ್ಜಾರ. ಆದರ ಎಷ್ಟು ಕಿವಿಗೊಟ್ಟರೂ ಆ ಜಾಗದಾಗ ನನಗ ಯಾರ ದನಿಯೂ ಕೇಳಲಿಲ್ಲ."

"ಆಕಿ ಕರೆದದ್ದು ನಿನ್ನನ್ನಲ್ಲ, ತಮ್ಮಾ."