ಎಲ್ಲ ಸರಿಯೆನ್ನುವ ಹಲ್ಲಿ

ಹೊಳೆದಂಡೆಯ ಬಿಲಗಳಿಗೆ ನೆರೆಯ ಎಚ್ಚರಿಕೆ ಕೊಡುವ ತಂತ್ರಾಂಶವೊಂದನ್ನು ಹಿರಿಯ ಮುಂಗುಸಿ ಬರೆದಿತ್ತು. ಒಂದು ಕಮಾಂಡ್ ಕೊಟ್ಟರೆ ಸಾಕು, ಅದರ ಸಾಲುಗಳನ್ನು ಜೋಡಿಸಿ ಬಿಲ್ಡ್ ಮಾಡಿ, ಪರೀಕ್ಷಿಸಿ, ಫಲ ಹೇಳುವ ಕೆಲಸ ಹಲ್ಲಿಯದು. ಹಲ್ಲಿ ದಿನವೂ "ಲೊಚ್, ಎಲ್ಲ ಸರಿ!" ಎನ್ನುತ್ತಿತ್ತು. ಹಲ್ಲಿ ನುಡಿದ ಮೇಲೆ ಸತ್ಯವೇ ಎಂದು ಬಿಲದವರು ನೆಮ್ಮದಿಯಾಗಿದ್ದರು. ಮುಂಗುಸಿಗೆ ಮಾತ್ರ ಒಳಗೊಳಗೇ ಅನುಮಾನ. ತಂತ್ರಾಂಶ ಬಿಲಗಳಿಗೆ ಹೋಗುವ ಹಿಂದಿನ ದಿನ ಮುಂಗುಸಿ ಎಚ್ಚರಿಕೆ ಕೂಗುವ ಸಾಲನ್ನೇ ಬೇಕೆಂದು ಅಳಿಸಿ, ಕಮಾಂಡ್ ಕೊಟ್ಟಿತು.

"ಲೊಚ್, ಎಲ್ಲ ಸರಿ!"

"ನೋಡಿ ಹೇಳಿದೆಯಾ, ತಮ್ಮಾ?"

"ನೋಡುವುದೇನಕ್ಕಾ? ಇಷ್ಟು ದಿನ ಸರಿಯಿದ್ದದ್ದು ಇವತ್ತು ಕೆಡುತ್ತದೆಯೇ?"

ಮುಂಗುಸಿ ತಂತ್ರಾಂಶವನ್ನು ತಡೆಹಿಡಿಯಿತು. ಹಲ್ಲಿ ಮುನಿಸಿಕೊಂಡು, "ನನ್ನ ಮಾತಿನಲ್ಲಿ ನಂಬಿಕೆಯಿಲ್ಲವೇ?" ಎಂದಿತು.

"'ತಪ್ಪಾಗಿದೆ' ಎಂದು ಒಮ್ಮೆಯಾದರೂ ನಿನ್ನ ಬಾಯಿಂದ ಬರಲಿ, ಆಮೇಲೆ ನೀನು 'ಸರಿ' ಎಂದದ್ದನ್ನು ನಂಬುತ್ತೇನೆ."