ಕೊಂಡಿ ಕಟ್ಟಲು ಬರುತ್ತದೆ ಎಂದ ಕಂಪ್ಯೂಟರ್

ಮೀನುಗಾರಿಕೆ ಬಂದರಿನಲ್ಲಿ ಒಂದು ಕಂಪ್ಯೂಟರ್ ಇತ್ತು. ದಿನವೂ ಹವಾಮಾನದ ಕಡತವನ್ನು ಧ್ವನಿವರ್ಧಕದಲ್ಲಿ ಓದುವುದು ಅದರ ಕೆಲಸ. ಅದಕ್ಕೆ ನೆರವಾಗಲು ಬೇರೆ ಊರಿನಿಂದ ಸ್ಕ್ರಿಪ್ಟ್ ಎಂಬ ಒಂದು ಪುಟ್ಟ ಪ್ರೋಗ್ರಾಂ ಬಂತು.

"ಆ ಕಡತಕ್ಕೆ ಒಂದು ಕೊಂಡಿ ಬೇಕು. ಕೊಂಡಿಯಲ್ಲಿ ಏನೂ ಇರುವುದಿಲ್ಲ, ಅದು ಮೂಲವನ್ನು ತೋರಿಸುತ್ತದೆ ಅಷ್ಟೆ. ನಿಮಗೆ ಕಟ್ಟಲು ಬರುತ್ತದೆಯೇ?" ಎಂದು ಸ್ಕ್ರಿಪ್ಟ್ ಕೇಳಿತು.

"ಬಾರದೆ ಏನು? ಎಷ್ಟೋ ಕಟ್ಟಿದ್ದೇನೆ," ಎಂದಿತು ಕಂಪ್ಯೂಟರ್.

"ಹಾಗಾದರೆ ಒಂದು ಕಟ್ಟಿ ತೋರಿಸಿ."

ಸ್ಕ್ರಿಪ್ಟ್ ಹೊಸ ಕಡತವೊಂದರಲ್ಲಿ 'ಕಡಲು ಶಾಂತ' ಎಂದು ಬರೆದು, ಅದಕ್ಕೆ ಕೊಂಡಿ ಕಟ್ಟಿಸಿತು. ಆಮೇಲೆ ಕಡತದ ಮಾತನ್ನು ಅಳಿಸಿ 'ಬಿರುಗಾಳಿ' ಎಂದು ಬರೆಯಿತು.

"ಈಗ ಕೊಂಡಿಯನ್ನು ಓದಿ."

"ಕಡಲು ಶಾಂತ," ಎಂದು ಓದಿದ ಕಂಪ್ಯೂಟರ್ ತಡವರಿಸಿತು. "ಮೂಲ ಬದಲಾದರೂ ಇದು ಬದಲಾಗಿಲ್ಲ, ಇದು ಬರೀ ನಕಲು! ಇದನ್ನೇ ನಾನು ಕೊಂಡಿ ಎಂದುಕೊಂಡಿದ್ದೆ. ನನ್ನ ಮಾತು ನಂಬಿ ಜನ ದೋಣಿ ಇಳಿಸುತ್ತಾರಲ್ಲ!"

"ಈಗಲೇ ತಿಳಿಯಿತಲ್ಲ, ಒಳ್ಳೆಯದಾಯಿತು," ಎಂದಿತು ಸ್ಕ್ರಿಪ್ಟ್. "ಇಲ್ಲಿ ಕೊಂಡಿ ಬೇಡ. ಪ್ರತಿ ಸಲ ನಾನೇ ಮೂಲ ಕಡತ ತೆರೆದು ಕೊಡುತ್ತೇನೆ, ನೀವು ಓದಿ."

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ, ಬಲೆಗಳು ದೋಣಿ ಏರುತ್ತಿದ್ದಾಗ, ಸ್ಕ್ರಿಪ್ಟ್ ತೆರೆದು ಕೊಟ್ಟ ಕಡತವನ್ನು ಓದಿ ಕಂಪ್ಯೂಟರ್ ಕೂಗಿತು: "ದೊಡ್ಡ ಅಲೆ ಏಳಲಿದೆ, ಯಾರೂ ಹೊರಡಬೇಡಿ."

"ಇವತ್ತು ಬೇಡ ಮಾರಾಯಾ, ಹಗ್ಗ ಬಿಗಿ," ಎಂದು ಮೀನುಗಾರನೊಬ್ಬ ಜೊತೆಗಾರನಿಗೆ ಹೇಳಿ ದಡಕ್ಕೆ ಇಳಿದ.